ಜ್ಞಾನ ಸಂಗಮದಿಂದ ಹಲಸಿಯವರೆಗೆ

ವಿಚಾರ ಸಂಕಿರಣಗಳಿಗೆ ಹೋಗಿ ಬರುವ ಮೇಷ್ಟರುಗಳಿಗೆಲ್ಲ ಆಹ್ವಾನ ಪತ್ರಿಕೆಯ ಕೊನೆಯ ಪುಟ ಕಂಠಪಾಠವಾಗಿರುತ್ತದೆ. ಹತ್ತಿರದ ರೈಲು ನಿಲ್ದಾಣ ಇಂಥದ್ದು, ವಿಮಾನ ನಿಲ್ದಾಣ ಇಷ್ಟು ಕಿಲೋಮೀಟರು, ವಸತಿ ಅತಿಥಿಗೃಹದಲ್ಲಿ, ನೋಂದಣಿ ಬೆಳಿಗ್ಗೆ ಒಂಬತ್ತಕ್ಕೆ, ಪ್ರಯಾಣ ವೆಚ್ಚಕ್ಕೆ ಟಿಕೆಟ್ ಲಗತ್ತಿಸಿ. ಕೆಲಸಕ್ಕೆ ಬೇಕಾದಷ್ಟು ಅದರಲ್ಲಿರುತ್ತದೆ. ಅದನ್ನೇ ನಂಬಿ ನಾವು ಊರೂರು ತಿರುಗುತ್ತೇವೆ. ರಾತ್ರಿ ಬಂದಿಳಿದು, ಹಗಲು ಪ್ರಬಂಧ ಓದಿ, ಮತ್ತೆ ರಾತ್ರಿಯ ಬಸ್ಸು ಹಿಡಿಯುತ್ತೇವೆ. ಹೋದ ಊರಿನ ಹೆಸರು ಪ್ರಮಾಣಪತ್ರದ ಮೇಲಷ್ಟೇ ಉಳಿಯುತ್ತದೆ.

ಬೆಳಗಾವಿಗೆ ಸಂಕಿರಣಕ್ಕೆಂದು ಹೊರಟಾಗ ಹಾಗಾಗಲು ಬಿಡಬಾರದೆಂದು ನಿಶ್ಚಯಿಸಿಕೊಂಡಿದ್ದೆ. ಕರಾವಳಿಯಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ಬೆಳಗಾವಿ ಎಂದರೆ ಪತ್ರಿಕೆಯ ಸುದ್ದಿ: ಗಡಿ ತಕರಾರು, ಚಳಿಗಾಲದ ಅಧಿವೇಶನ, ಮಹದಾಯಿ. ಸುದ್ದಿಯಾಗದ ಬೆಳಗಾವಿಯೊಂದಿದೆ. ಅದು ಓದಿದವರನ್ನು ಕರೆದು, ಉಣ್ಣಿಸಿ, ಉಳಿಸಿಕೊಂಡು, ಮುಂದಿನ ಹಾದಿ ತೋರಿಸಿ ಕಳಿಸಿದ ಸೀಮೆ. ಆ ರೂಢಿಗೆ ಇಲ್ಲಿ ಒಂದೂವರೆ ಸಾವಿರ ವರ್ಷಗಳ ದಾಖಲೆ ಇದೆ. ಮುಂದೆ ಇಲ್ಲಿಗೆ ಬರುವವರಿಗೆ ಉಪಯೋಗವಾಗಲಿ ಎಂದು, ಕಂಡದ್ದನ್ನೂ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಹಾದಿಯ ಮಾತು. ಬೆಂಗಳೂರಿನ ಕಡೆಯಿಂದ ಬರುವವರಿಗೆ ಚಿಂತೆಯಿಲ್ಲ. ರಾತ್ರಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬಹಳ ವರ್ಷಗಳಿಂದ ಈ ದಾರಿಯ ನಂಬಿಕಸ್ಥ ಗಾಡಿ. 2025ರ ಆಗಸ್ಟಿನಿಂದ ಬೆಂಗಳೂರು–ಬೆಳಗಾವಿ ವಂದೇ ಭಾರತವೂ ಓಡುತ್ತಿದೆ. ವಿಮಾನದಲ್ಲಿ ಬರುವವರು ಊರ ಪೂರ್ವಕ್ಕಿರುವ ಸಾಂಬ್ರಾದಲ್ಲಿ ಇಳಿಯುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ ಕಟ್ಟಿದ ನೆಲೆ ಅದು. ಗೋವಾದಿಂದ ರಸ್ತೆಯಲ್ಲಿ ಬರುವವರಿಗೆ ಚೋರ್ಲಾ ಘಾಟಿನ ದಾರಿ ಹತ್ತಿರ. ಆದರೆ ಮಳೆಗಾಲದಲ್ಲಿ ಅಲ್ಲಿ ಮಂಜು ಕವಿದು ಮುಂದಿನ ಗಾಡಿಯ ಕೆಂಪು ದೀಪವೂ ಕಾಣುವುದಿಲ್ಲ. ಹಗಲಲ್ಲೇ ದಾಟಿಬಿಡುವುದು ಒಳ್ಳೆಯದು.

ಕರಾವಳಿಯಿಂದ ಹೊರಡುವವರಿಗೆ ನನ್ನ ಸಲಹೆ ಒಂದೇ. ಮಂಗಳೂರಿನಿಂದಾಗಲಿ ಉಡುಪಿಯಿಂದಾಗಲಿ ಕೊಂಕಣ ರೈಲಿನಲ್ಲಿ ಮಡಗಾಂವಿಗೆ ಬಂದು, ಅಲ್ಲಿ ಇಳಿಹೊತ್ತಿಗೆ ಸಿಗುವ ಗೋವಾ ಎಕ್ಸ್‌ಪ್ರೆಸ್ ಹಿಡಿಯಿರಿ. ವಾಸ್ಕೋದಿಂದ ಹೊರಟು ದೆಹಲಿಯವರೆಗೆ ಹೋಗುವ ಈ ಗಾಡಿ ಲೋಂಡಾ, ಬೆಳಗಾವಿ, ಮಿರಜಗಳ ಮೇಲೆ ಹಾಯುತ್ತದೆ. ಕುಳೆಂ ನಿಲ್ದಾಣದಲ್ಲಿ ಗಾಡಿಯ ಹಿಂದೆ ಇನ್ನಷ್ಟು ಎಂಜಿನ್‌ಗಳನ್ನು ಜೋಡಿಸುತ್ತಾರೆ. ಅಲ್ಲಿಂದ ಮುಂದಿನದು ಬ್ರಗಾಂಜಾ ಘಾಟು. ಮೂವತ್ತೇಳು ಅಡಿ ಸಾಗಿದರೆ ಒಂದು ಅಡಿ ಮೇಲೇರುವಂಥ ಕಡಿದಾದ ಹಳಿ. ಮುಂದಿನ ಎಂಜಿನ್ ಎಳೆಯುತ್ತ, ಹಿಂದಿನವು ದೂಡುತ್ತ, ಸುರಂಗದ ಮೇಲೆ ಸುರಂಗ ದಾಟಿ ಗಾಡಿ ಏರುತ್ತದೆ. ದೂಧಸಾಗರದ ಎದುರಿನ ಸೇತುವೆ ಬಂದಾಗ ಬೋಗಿಯವರೆಲ್ಲ ಒಂದೇ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಮಳೆ ನಿಂತ ಮೇಲೂ ಆ ನೀರಿನ ಹನಿ ಕಿಟಕಿಯೊಳಕ್ಕೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೋರ್ಚುಗೀಸರ ಮುರಗಾಂವ ಬಂದರನ್ನು ಬಯಲುಸೀಮೆಯ ಹತ್ತಿ, ಧಾನ್ಯಗಳಿಗೆ ಜೋಡಿಸಲೆಂದು ಹಾಕಿದ ಹಳಿ ಇದು. ಕ್ಯಾಸಲ್ ರಾಕ್ ಮುಟ್ಟಿದಾಗ ಕರಾವಳಿಯ ಧಗೆ ಹಿಂದೆ ಉಳಿದು, ಕಿಟಕಿಯಲ್ಲಿ ಕೂತವರು ಶಾಲು ಹುಡುಕುತ್ತಿರುತ್ತಾರೆ. ಲೋಂಡಾದಲ್ಲಿ ಗಾಡಿ ಬಡಗಣಕ್ಕೆ ಹೊರಳುತ್ತದೆ. ಖಾನಾಪುರ ದಾಟುವಾಗ ಕತ್ತಲಾಗಿರುತ್ತದೆ, ಊಟದ ಹೊತ್ತಿಗೆ ಬೆಳಗಾವಿ.

ನಿಲ್ದಾಣದ ಹೊರಗೆ ಆಟೋದವರು ಮಾತಾಡಿಸುವ ಬಗೆಯಲ್ಲೇ ಊರಿನ ಗುಣ ತಿಳಿಯುತ್ತದೆ. ನನ್ನ ಚೀಲ ಎತ್ತಿಟ್ಟ ಆಟೋದಾತ ಕೇಳಿದ, "ಎಲ್ಲಿಗ್ರಿ ಸರ?"

"ಜ್ಞಾನ ಸಂಗಮಕ್ಕೆ."

"ವಿಟಿಯುಗೇನ್ರಿ? ಕುಂಡ್ರ್ರಿ. ಪೇಪರ್ ಓದಾಕ ಬಂದೀರೇನ್ರಿ?"

ಹೌದೆಂದೆ. ಆತ ಗಾಡಿ ಚಾಲೂ ಮಾಡುತ್ತ ಹೇಳಿದ, "ವರ್ಷಾ ಎಷ್ಟೋ ಮಂದಿ ಬರ್ತಾರ್ರಿ ಪೇಪರ್ ಓದಾಕ. ಓದ್ತಾರ, ಹೊಕ್ಕಾರ. ಕಿಲ್ಲಾ ನೋಡೀನಿ ಅಂತ ಒಬ್ರೂ ಹೇಳಂಗಿಲ್ರಿ."

ಆತನ ಮಾತಿನಲ್ಲಿ ದೂರೇನೂ ಇರಲಿಲ್ಲ. ಆದರೂ ಅದಕ್ಕಿಂತ ನೇರವಾದ ವಿಮರ್ಶೆಯನ್ನು ಯಾವ ಸಂಕಿರಣದ ಅಧ್ಯಕ್ಷರ ಬಾಯಲ್ಲೂ ನಾನು ಕೇಳಿಲ್ಲ.

ಹೊಸಬರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. "ಬೆಳಗಾವಿ ವಿಶ್ವವಿದ್ಯಾಲಯ" ಎಂದು ಆಟೋ ಹತ್ತಬೇಡಿ. 1998ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆವರಣವೇ ಜ್ಞಾನ ಸಂಗಮ. ಅದು ಖಾನಾಪುರ ರಸ್ತೆಯಲ್ಲಿ ಮಚ್ಛೆಯ ಹತ್ತಿರವಿದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ, ಕೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಭೂತರಾಮನಹಟ್ಟಿಯಲ್ಲಿದೆ. 1982ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿ 2010ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾದದ್ದು ಅದು. ಅದರ ಹೊಸ ಆವರಣ ಧಾರವಾಡದ ದಿಕ್ಕಿನ ಹಿರೇಬಾಗೇವಾಡಿಯಲ್ಲಿ. ವೈದ್ಯಕೀಯ ಸಮ್ಮೇಳನಗಳು ಸಾಮಾನ್ಯವಾಗಿ ನಡೆಯುವುದು ಊರೊಳಗಿನ ನೆಹರೂ ನಗರದ ಕೆಎಲ್‌ಇ ಆವರಣದಲ್ಲಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲದ ದಿಕ್ಕುಗಳಿವು. ಆವರಣದ ಹೆಸರು ಹೇಳಿಯೇ ಗಾಡಿ ಹತ್ತಬೇಕು.

ಇನ್ನೊಂದು ಮಾತು ಆಯೋಜಕರಿಗೂ ಸಲ್ಲುತ್ತದೆ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವ ದಿನಗಳಲ್ಲಿ, ಹೆಚ್ಚಾಗಿ ಡಿಸೆಂಬರಿನಲ್ಲಿ, ಊರಿನ ವಸತಿಗೃಹಗಳೆಲ್ಲ ತುಂಬಿರುತ್ತವೆ. ರಸ್ತೆಯಲ್ಲಿ ಮೆರವಣಿಗೆ, ಧರಣಿ, ಪೊಲೀಸ್ ತಡೆ. ಆ ವಾರಗಳನ್ನು ತಪ್ಪಿಸಿ ಸಂಕಿರಣ ಇಟ್ಟುಕೊಂಡರೆ ಅತಿಥಿಗಳಿಗೆ ಅರ್ಧ ತೊಂದರೆ ಕಡಿಮೆ. ಕರ್ನಾಟಕದ ಗುರುತಿನ ಚೀಟಿ ಇರುವ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣ ಬೇಕಿಲ್ಲ, ಚೀಟಿ ಕೈಯಲ್ಲಿರಲಿ.

ಜ್ಞಾನ ಸಂಗಮದಲ್ಲಿ ನಾನು ಹೋದ ಸಂಕಿರಣದ ವಿಷಯ ಎಂಜಿನಿಯರಿಂಗ್ ಮಕ್ಕಳಿಗೆ ಕನ್ನಡ ಕಲಿಸುವುದು. ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಬಾರದವರಿಗೆ 'ಬಳಕೆ ಕನ್ನಡ' ಎಂದು ವಿಟಿಯು ಎರಡು ಪಠ್ಯಗಳನ್ನು ಇಟ್ಟಿದೆ. ರಾಜ್ಯದ ಉದ್ದಗಲದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದನ್ನು ಕಲಿಸುವವರು ಎಲ್ಲೆಲ್ಲಿಂದಲೋ ಬಂದಿದ್ದರು. ಗೋಷ್ಠಿಗಳು ಚೆನ್ನಾಗಿ ನಡೆದವು. ಆದರೆ ನನಗೆ ಹೆಚ್ಚು ಕಲಿಸಿದ್ದು ನೋಂದಣಿ ಮೇಜಿನ ಹಿಂದೆ ಕೂತು ಚೀಲ ಹಂಚುತ್ತಿದ್ದ ವಿದ್ಯಾರ್ಥಿನಿ. ಖಾನಾಪುರ ತಾಲ್ಲೂಕಿನವಳು. ಅವಳ ಕನ್ನಡವನ್ನು ಮೆಚ್ಚಿ ಮಾತಾಡಿಸಿದೆ.

"ಮನ್ಯಾಗ ಮರಾಠಿ ಮಾತಾಡ್ತೀವ್ರಿ ಸರ. ಸಾಲ್ಯಾಗ ಕನ್ನಡ, ಕಾಲೇಜಿನ್ಯಾಗ ಇಂಗ್ಲಿಷ್. ಆಯಿ ಸಂಗಾಟ ಸಂತಿಗೆ ಹೋದ್ರ ಎಲ್ಲಾನೂ ಬರಬೇಕಲ್ರಿ," ಎಂದಳು. ಭಾಷೆಗಳ ನಡುವೆ ಜಗಳವಿದೆ ಎಂದು ನಾವು ದೂರದಲ್ಲಿ ಕೂತು ಓದುವ ಊರಿನಲ್ಲಿ, ಆ ಹುಡುಗಿಗೆ ಅವು ದಿನದ ಬಳಕೆಯ ಸಾಮಾನುಗಳು. ಚಹಾದ ಹೊತ್ತಿಗೆ ಅವಳೇ ಬಂದು ಕೇಳಿದಳು, "ನಾಳಿಗೆ ಖಾಲಿ ಅದೀರೇನ್ರಿ ಸರ? ಹಲಸಿಗೆ ಹೋಗಿ ಬರ್ರಿ. ಖಾನಾಪುರದ ಬಸ್ಸು ಇದ ರಸ್ತಾದಾಗ ಸಿಗ್ತಾವು."

ಅದಕ್ಕೂ ಮುಂಚೆ ಆಟೋದಾತ ಹೇಳಿದ ಕಿಲ್ಲಾ ನೋಡಬೇಕಿತ್ತು. ಸಂಜೆಯ ಗೋಷ್ಠಿ ಮುಗಿಸಿ ಹೊರಟೆ. ಕೋಟೆ ಇರುವುದು ಊರ ಪೂರ್ವದಲ್ಲಿ, ಕಿಲ್ಲಾ ಕೆರೆಯ ಹತ್ತಿರ. ಸುತ್ತ ಕಂದಕ, ಬಾಗಿಲಲ್ಲಿ ಗಣಪತಿ ಮತ್ತು ದುರ್ಗೆಯ ಗುಡಿ, ಒಳಗೆ ಆದಿಲಶಾಹಿ ಕಾಲದ ಸಫಾ ಮಸೀದಿ, ಎರಡು ಬಸದಿಗಳು, ರಾಮಕೃಷ್ಣ ಆಶ್ರಮ. ಅಷ್ಟು ಕಾಲಗಳು ಒಂದೇ ಗೋಡೆಯೊಳಗಿವೆ. ಕಮಲ ಬಸದಿಯ ಮುಖಮಂಟಪದಲ್ಲಿ ನಿಂತು ಕತ್ತೆತ್ತಿದರೆ ಆ ಹೆಸರು ಯಾಕೆ ಬಂತೆಂದು ತಿಳಿಯುತ್ತದೆ. ಛಾವಣಿಯಿಂದ ಕಲ್ಲಿನ ಕಮಲವೊಂದು ಕೆಳಮುಖವಾಗಿ ಇಳಿಬಿದ್ದಿದೆ. ಅದರ ಎಪ್ಪತ್ತೆರಡು ದಳಗಳಲ್ಲಿ ಹಿಂದಿನ, ಇಂದಿನ, ಮುಂದಿನ ಕಾಲಗಳ ಇಪ್ಪತ್ನಾಲ್ಕಿಪ್ಪತ್ನಾಲ್ಕು ತೀರ್ಥಂಕರರು. ಕೆಳಗಿನ ಕಂಬಗಳನ್ನು ಕಡೆದವರು ಎಷ್ಟು ನುಣುಪು ಕೊಟ್ಟಿದ್ದಾರೆಂದರೆ, ಬಾಗಿಲಿನ ಬೆಳಕು ಅವುಗಳ ಮೇಲೆ ಉದ್ದಕ್ಕೆ ಬಿದ್ದು ನಮ್ಮ ನೆರಳೂ ಅಸ್ಪಷ್ಟವಾಗಿ ಕಾಣುತ್ತದೆ.

ಬಸದಿಯನ್ನು ಕಟ್ಟಿಸಿದವನು ರಟ್ಟ ವಂಶದ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣ. ಕಾಲ 1204. ಅದಕ್ಕೆ ಸಂಬಂಧಿಸಿದ ಎರಡು ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಎಲ್.ಡಿ. ಬಾರ್ನೆಟ್ ಅವನ್ನು ಓದಿ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದರು. ಬಸದಿಯ ಪೂಜೆಗೆ, ಅಲ್ಲಿನ ಮುನಿಗಳ ಆಹಾರಕ್ಕೆ ಅರಸ ಕೊಟ್ಟ ದಾನದ ಜೊತೆಗೆ ಪೇಟೆಯ ವ್ಯಾಪಾರಿಗಳು ಬಿಟ್ಟುಕೊಟ್ಟ ಸುಂಕದ ಲೆಕ್ಕವೂ ಅದರಲ್ಲಿದೆ. ಆ ವ್ಯಾಪಾರಿಗಳಲ್ಲಿ ಕೂಂಡಿ ನಾಡಿನವರಿದ್ದಾರೆ, ಗುಜರಾತಿನ ಕಡೆಯ ಲಾಳರಿದ್ದಾರೆ, ಮಲೆಯಾಳದವರೂ ಇದ್ದಾರೆ. ಪಡುವಣ ಕಡಲ ತೀರದಿಂದ ಘಟ್ಟ ಹತ್ತಿ ಇಲ್ಲಿಗೆ ಬಂದು ವ್ಯಾಪಾರ ಮಾಡಿದವರು, ಈ ಊರಿನಲ್ಲಿ ಓದು ಧ್ಯಾನಗಳಲ್ಲಿ ಇದ್ದವರ ಊಟಕ್ಕೆ ತಮ್ಮ ಸರಕಿನ ಪಾಲು ಕೊಟ್ಟರು. ಎಂಟುನೂರು ವರ್ಷ ಕಳೆದ ಮೇಲೆ ಅದೇ ಘಟ್ಟ ಹತ್ತಿ ಬಂದು ಆ ಕಂಬಗಳ ನಡುವೆ ನಿಂತಾಗ, ನಾನು ಪರಸ್ಥಳದಲ್ಲಿದ್ದೇನೆ ಎಂದು ಅನಿಸಲಿಲ್ಲ.

ಕೋಟೆಯೊಳಗಿನ ರಾಮಕೃಷ್ಣ ಆಶ್ರಮ ಇನ್ನೊಬ್ಬ ಅತಿಥಿಯನ್ನು ನೆನಪಿಸುತ್ತದೆ. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಕೊಲ್ಲಾಪುರದಿಂದ ಪರಿಚಯ ಪತ್ರ ಹಿಡಿದು ಬೆಳಗಾವಿಗೆ ಬಂದರು. ಶಿಕಾಗೊದ ಹೆಸರು ಇನ್ನೂ ಅವರೊಂದಿಗೆ ಸೇರಿರಲಿಲ್ಲ. ಊರೂರು ಅಲೆಯುತ್ತಿದ್ದ ತರುಣ ಸನ್ಯಾಸಿ, ಅಷ್ಟೇ. ಮೊದಲು ವಕೀಲ ಭಾಟೆಯವರ ಮನೆಯಲ್ಲಿ, ಆಮೇಲೆ ಅರಣ್ಯ ಇಲಾಖೆಯ ಅಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಉಳಿದರು. ಮೊದಲ ದಿನ ಊಟವಾದ ಮೇಲೆ ಸ್ವಾಮೀಜಿ ಎಲೆ ಅಡಿಕೆ ಕೇಳಿದ್ದು ಭಾಟೆಯವರ ಮನೆಯವರಿಗೆ ಅಚ್ಚರಿಯಾಯಿತೆಂದು ಆ ಮನೆಯ ಮಗ ಮುಂದೆ ಬರೆದಿಟ್ಟಿದ್ದಾರೆ. ಸನ್ಯಾಸಿ ಹೀಗಿರಬೇಕೆಂದು ಅವರು ಮನಸ್ಸಿನಲ್ಲಿ ಇಟ್ಟುಕೊಂಡ ಚಿತ್ರಕ್ಕೆ ಈ ಅತಿಥಿ ಹೊಂದಲಿಲ್ಲ. ಆದರೂ ಕೇಳಿದ್ದು ಕೊಟ್ಟರು, ಪಕ್ಕ ಕೂತು ವಾದ ಮಾಡಿದರು, ಊರಿನ ಓದಿದವರನ್ನೆಲ್ಲ ಕರೆದು ತಂದರು. ಇಲ್ಲಿಂದ ಸ್ವಾಮೀಜಿ ಗೋವಾಕ್ಕೆ ಇಳಿದು, ರಾಶೋಲದ ಸೆಮಿನರಿಯಲ್ಲಿ ಕ್ರೈಸ್ತ ಶಾಸ್ತ್ರಗಳ ಹಳೆಯ ಗ್ರಂಥಗಳನ್ನು ಓದಿದರು. ಅದಕ್ಕೆ ಏರ್ಪಾಟು ಮಾಡಿಕೊಟ್ಟವರೂ ಬೆಳಗಾವಿಯವರೇ, ಇಲ್ಲಿನ ಒಬ್ಬ ವೈದ್ಯರು. ಒಬ್ಬ ವಿದ್ವಾಂಸನಿಗೆ ಊರು ಮಾಡಬಹುದಾದ ಉಪಕಾರ ಇದಕ್ಕಿಂತ ಹೆಚ್ಚಿನದಿಲ್ಲ: ಅವನು ಇದ್ದಂತೆಯೇ ಅವನನ್ನು ಒಪ್ಪಿಕೊಳ್ಳುವುದು, ಮುಂದಿನ ಗ್ರಂಥಾಲಯದ ಬಾಗಿಲು ತೆರೆಸಿಕೊಡುವುದು.

ಮರಳುವಾಗ ತಿಲಕವಾಡಿಯಲ್ಲಿ ಇಳಿದು ಕಾಂಗ್ರೆಸ್ ಬಾವಿ ನೋಡಿದೆ. 1924ರ ಡಿಸೆಂಬರ್ 26 ಮತ್ತು 27ರಂದು ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲಿ. ಬಂದವರಿಗೆ ನೀರು ಬೇಕಲ್ಲ, ಅದಕ್ಕಾಗಿ ತೋಡಿದ ಬಾವಿ ಇದು. ಅಧಿವೇಶನದ ಬಯಲಿಗೆ ವಿಜಯನಗರವೆಂದೂ ಬಾವಿಗೆ ಪಂಪಾ ಸರೋವರವೆಂದೂ ಹೆಸರಿಟ್ಟಿದ್ದರು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವ. ಅದೇ ಸಮಯದಲ್ಲಿ, ಅಲ್ಲಿಯೇ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. ಐದು ವರ್ಷಗಳ ಬಳಿಕ, 1929ರಲ್ಲಿ, ಮಾಸ್ತಿ ಇಲ್ಲಿಯೇ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಆ ಅಧಿವೇಶನದಲ್ಲಿ ಸ್ವಾಗತ ಗೀತೆ ಹಾಡಿದ ಮಕ್ಕಳಲ್ಲಿ ಗಂಗೂಬಾಯಿ ಹಾನಗಲ್ಲರೂ ಇದ್ದರು. ಗಾಂಧೀಜಿಯ ಮುಂದೆ ಹಾಡಿದ ಹೆಮ್ಮೆಗಿಂತ ಹೆಚ್ಚಾಗಿ ಅವರ ನೆನಪಿನಲ್ಲಿ ಉಳಿದದ್ದು ಒಂದು ಅಂಜಿಕೆ. ಜಾತಿಯ ಕಾರಣಕ್ಕೆ, ಉಳಿದ ಮಕ್ಕಳು ಉಂಡ ಜಾಗವನ್ನು ತನ್ನಿಂದ ಬಳಿಸಿಬಿಟ್ಟಾರೋ ಎಂಬ ಅಂಜಿಕೆ. ಆ ಬಾವಿಕಟ್ಟೆಯ ಹತ್ತಿರ ನಿಂತಾಗ ನನ್ನ ಮನಸ್ಸನ್ನು ಹಿಡಿದದ್ದು ಅದೇ. ಅತಿಥಿಗಳಿಗೆ ನೀರು ತೋಡಿಸುವುದು ದೊಡ್ಡ ಕೆಲಸ. ಹಾಡಲು ಬಂದ ಮಗು ಅಂಜದೆ ಪಂಕ್ತಿಯಲ್ಲಿ ಕೂತು ಉಣ್ಣುವಂತೆ ಮಾಡುವುದು ಅದಕ್ಕಿಂತ ದೊಡ್ಡದು. ಸಭೆ ನಡೆಸುವವರೆಲ್ಲ, ವಿಶ್ವವಿದ್ಯಾಲಯದವರೂ ಸೇರಿ, ಊಟದ ಮನೆಯನ್ನು ಆ ಮಗುವಿನ ಕಣ್ಣಿನಿಂದ ಒಮ್ಮೆ ನೋಡಬೇಕು.

ಮರುದಿನ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದೆ. ಇಪ್ಪತ್ತಾರು ಕಿಲೋಮೀಟರು. ಮಚ್ಛೆ ದಾಟಿದಂತೆ ಕಾರ್ಖಾನೆಗಳು ಹಿಂದೆ ಸರಿದು ಭತ್ತದ ಗದ್ದೆ, ಗೆಣಸಿನ ಹೊಲ, ಕೆಂಪು ಮಣ್ಣು ಬರುತ್ತವೆ. ಖಾನಾಪುರದ ಆಸುಪಾಸಿನ ಮಣ್ಣು ಇಟ್ಟಂಗಿಗೂ ಹಂಚಿಗೂ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಕುಂಬಾರಿಕೆ ಸಂಸ್ಥೆ ಇಲ್ಲಿ ಇರುವುದಕ್ಕೂ ಆ ಮಣ್ಣೇ ಕಾರಣ. ದೇಶದ ಬೇರೆ ಬೇರೆ ಕಡೆಯ ಕುಂಬಾರರು ಇಲ್ಲಿಗೆ ಬಂದು ತರಬೇತಿ ಪಡೆದು ಹೋಗುತ್ತಾರೆ. ಅವರೂ ಒಂದು ಬಗೆಯ ಸಂಕಿರಣಕ್ಕೆ ಬಂದವರೇ. ಬಸ್ಸು ಬದಲಿಸುವ ಬಿಡುವಿನಲ್ಲಿ, ರಸ್ತೆಬದಿ ಮಡಕೆ ಹರವಿಕೊಂಡು ಕೂತಿದ್ದ ಹಿರಿಯ ಕುಂಬಾರರೊಬ್ಬರನ್ನು ಮಾತಾಡಿಸಿದೆ. ಒಳ್ಳೆಯ ಮಣ್ಣು ಯಾವುದೆಂದು ಹೇಗೆ ತಿಳಿಯುತ್ತೀರಿ ಎಂದು ಕೇಳಿದಾಗ, ಒದ್ದೆ ಮಣ್ಣನ್ನು ಅಂಗೈಯಲ್ಲಿ ಉದ್ದಕ್ಕೆ ಹೊಸೆದು, ತೋರುಬೆರಳಿಗೆ ಉಂಗುರದಂತೆ ಸುತ್ತಿ ನನ್ನ ಮುಂದೆ ಹಿಡಿದರು. ಎಲ್ಲೂ ಬಿರುಕಿಲ್ಲ.

"ಬಿರೀಲಿಲ್ಲಂದ್ರ ಮಣ್ಣು ಚಲೋ ಐತಿ ಅಂತ ತಿಳ್ಕೋರಿ. ಬಿರೀತು ಅಂದ್ರ ಇನ್ನಷ್ಟು ತುಳೀಬೇಕು," ಎಂದರು.

ಪರೀಕ್ಷೆ ಅಲ್ಲಿಗೆ ಮುಗಿಯಿತು. ಸಾಧನವೂ ಅದೇ, ಫಲಿತಾಂಶವೂ ಅದೇ.

ಖಾನಾಪುರದಿಂದ ಹಲಸಿಗೆ ನಂದಗಡದ ಮೇಲೆ ಹೋಗಬೇಕು. ನಂದಗಡದಲ್ಲಿ ಇಳಿದು ಸಂಗೊಳ್ಳಿ ರಾಯಣ್ಣನ ಸಮಾಧಿಗೆ ನಮಸ್ಕರಿಸದೆ ಮುಂದೆ ಹೋಗಬಾರದು. ಕಿತ್ತೂರಿನ ಹೋರಾಟವನ್ನು ರಾಣಿ ಚೆನ್ನಮ್ಮನ ಸೆರೆಯ ನಂತರವೂ ಕಾಡಿನಿಂದ ನಡೆಸಿದ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು ಇಲ್ಲಿ, 1831ರ ಜನವರಿ 26ರಂದು. ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಗಾಗಿ ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ನಾಡಿನ ವೀರನೊಬ್ಬ ಜನರ ಮನೆಯ ಹಿರಿಯನಾಗಿ ಉಳಿದ ಬಗೆ ಅದು.

ಹಲಸಿ ಖಾನಾಪುರದಿಂದ ಹದಿನಾಲ್ಕು ಕಿಲೋಮೀಟರು. ಹಂಚಿನ ಮನೆಗಳು, ಓಣಿಯಲ್ಲಿ ಎಮ್ಮೆಗಳು, ಸುತ್ತ ಗುಡ್ಡ. ಇದು ಬನವಾಸಿಯ ಕದಂಬರ ಎರಡನೆಯ ರಾಜಧಾನಿ ಪಲಾಸಿಕೆಯಾಗಿತ್ತೆಂದು ಹೇಳುವ ಗುರುತು ಊರೊಳಗೆ ಕಾಲಿಟ್ಟಾಗ ಕಾಣುವುದಿಲ್ಲ. ಭೂವರಾಹ ನರಸಿಂಹ ದೇವಾಲಯದ ಪ್ರಾಕಾರ ದಾಟಿದ ಮೇಲೆ ಕಾಣುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಗೋವಾ ಕದಂಬರು ಕಟ್ಟಿಸಿದ ಗುಡಿ ಇದು. ಅವರಲ್ಲೊಬ್ಬನಾದ ಶಿವಚಿತ್ತ ಪೆರ್ಮಾಡಿಯ ಶಾಸನ ಇಲ್ಲಿದೆ. ಕಡಲ ದಂಡೆಯಲ್ಲಿ ರಾಜ್ಯವಾಳಿದವರು ಘಟ್ಟದ ಮೇಲಿನ ತಮ್ಮ ಹಿರಿಯರ ಊರನ್ನು ಮರೆಯದೆ ಬಂದು ಗುಡಿ ಕಟ್ಟಿಸಿದರು. ಒಳಗೆ ಎರಡು ಗರ್ಭಗುಡಿಗಳು ಎದುರುಬದುರು. ಒಂದರಲ್ಲಿ ಭೂದೇವಿಯನ್ನು ಎತ್ತಿ ಹಿಡಿದ ವರಾಹ, ಇನ್ನೊಂದರಲ್ಲಿ ನಾರಾಯಣ ಮತ್ತು ನರಸಿಂಹ. ನಡುವಿನ ಮಂಟಪದಲ್ಲಿ ನಿಂತವರು ಒಬ್ಬ ದೇವರಿಗೆ ಕೈಮುಗಿದರೆ ಇನ್ನೊಬ್ಬನಿಗೆ ಬೆನ್ನು ಹಾಕಬೇಕಾಗುತ್ತದೆ. ಹಾಗಾಗಿ ಇಲ್ಲಿನವರು ಪಕ್ಕಕ್ಕೆ ಸರಿದು, ಎರಡೂ ಕಡೆ ಕತ್ತು ಹೊರಳಿಸಿ ನಮಸ್ಕರಿಸುತ್ತಾರೆ. ಆ ದಿನ ಅಲ್ಲಿದ್ದ ಅಜ್ಜಿಯೊಬ್ಬರು ನನಗೂ ಹಾಗೆಯೇ ನಿಲ್ಲಲು ಕಲಿಸಿಕೊಟ್ಟರು. "ಹಿಂಗ ನಿಂದ್ರಪಾ. ಇಬ್ರೂ ಕಾಣ್ಬೇಕು," ಎಂದರು.

ನನ್ನನ್ನು ಹಲಸಿಗೆ ಎಳೆದು ತಂದದ್ದು ಈ ಗುಡಿಗಿಂತಲೂ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಊರ ಹೊರಗಿನ ಚಕ್ರತೀರ್ಥವೆಂಬ ಬಾವಿಯ ಹತ್ತಿರದ ದಿಬ್ಬದಲ್ಲಿ ಕದಂಬರ ತಾಮ್ರಪಟಗಳು ಸಿಕ್ಕವು. ಜೆ.ಎಫ್. ಫ್ಲೀಟ್ ಅವುಗಳನ್ನು 1870ರ ದಶಕದಲ್ಲಿ ಓದಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದರು. ಸಂಸ್ಕೃತದಲ್ಲಿ ಬರೆದ ಪಟಗಳಿವು. ಒಂದು ಪಟದಲ್ಲಿ ಮೃಗೇಶವರ್ಮ ತನ್ನ ತಂದೆಯ ನೆನಪಿಗೆ ಪಲಾಸಿಕೆಯಲ್ಲಿ ಜಿನಾಲಯ ಕಟ್ಟಿಸಿ, ಮೂವತ್ಮೂರು ನಿವರ್ತನ ಭೂಮಿ ಕೊಟ್ಟದ್ದಿದೆ. ಕೊಟ್ಟದ್ದು ಒಂದೇ ಪಂಥಕ್ಕಲ್ಲ. ಯಾಪನೀಯರು, ನಿರ್ಗ್ರಂಥರು, ಕೂರ್ಚಕರು, ತಮ್ಮ ತಮ್ಮೊಳಗೆ ಮತಭೇದವಿದ್ದ ಮೂವರಿಗೂ ಸೇರಿ. ಅವನ ಮಗ ರವಿವರ್ಮನ ಪಟ ಇನ್ನೂ ವಿವರವಾಗಿ ಹೇಳುತ್ತದೆ. ಹಳ್ಳಿಯೊಂದರ ಆದಾಯದಿಂದ ವರ್ಷ ವರ್ಷವೂ ಕಾರ್ತಿಕ ಹುಣ್ಣಿಮೆಗೆ ಎಂಟು ದಿನದ ಜಿನೋತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಇಲ್ಲಿ ನಿಂತ ತಪಸ್ವಿಗಳಿಗೆ ಆಹಾರ ಸಲ್ಲಬೇಕು, ಶಾಸ್ತ್ರ ಬಲ್ಲ ವಿದ್ವಾಂಸರು ಆ ಸಂಪತ್ತನ್ನು ನ್ಯಾಯದಂತೆ ಅನುಭವಿಸಬೇಕು.

ಹಲಸಿಯ ಹಾಳುಬಿದ್ದ ಬಸದಿಯೊಂದರ ಜಗಲಿಯಲ್ಲಿ ಕೂತು ಇದನ್ನು ನೆನೆದಾಗ ಆ ನಾಲ್ಕು ತಿಂಗಳ ಅರ್ಥ ಸ್ಪಷ್ಟವಾಯಿತು. ಖಾನಾಪುರದ ಮಳೆ ಜೂನಿನಲ್ಲಿ ಹಿಡಿದರೆ ಹಳ್ಳಗಳು ತುಂಬಿ ದಾರಿಗಳು ಮುಚ್ಚುತ್ತವೆ. ಸಣ್ಣ ಜೀವಕ್ಕೂ ನೋವಾಗದಿರಲೆಂದು ಮಳೆಗಾಲದಲ್ಲಿ ಒಂದೆಡೆ ನಿಲ್ಲುವುದು ಜೈನ ಮುನಿಗಳ ವ್ರತ. ಹಾಗೆ ನಿಂತವರು ನಾಲ್ಕು ತಿಂಗಳು ಓದುತ್ತಾರೆ, ಹೇಳುತ್ತಾರೆ, ವಾದಿಸುತ್ತಾರೆ. ಅವರ ಊಟವನ್ನು ಕೇಳುಗರ ದಾಕ್ಷಿಣ್ಯಕ್ಕೆ ಬಿಡದೆ ಅರಸ ತಾಮ್ರದ ಮೇಲೆ ಬರೆಸಿಕೊಟ್ಟ. ಈ ನೆಲದಲ್ಲಿ ವಿದ್ವಾಂಸರ ವಸತಿ ಊಟಕ್ಕೆ ಬರೆದಿಟ್ಟ ಮೊದಲ ಏರ್ಪಾಟು ನನಗೆ ತಿಳಿದಂತೆ ಇದೇ. ನಾವಿಂದು ಎರಡು ದಿನದಲ್ಲಿ ಮುಗಿಸುವ ಸಂಕಿರಣವನ್ನು ಅವರು ಒಂದು ಮಳೆಗಾಲ ಪೂರ್ತಿ ನಡೆಸುತ್ತಿದ್ದರು.

ಸಮಯವಿದ್ದವರು ಖಾನಾಪುರದಿಂದ ಪಶ್ಚಿಮಕ್ಕೂ ಹೋಗಬೇಕು. ಕಣಕುಂಬಿಯಲ್ಲಿ ಮಾವುಲಿ ದೇವಿಯ ಗುಡಿಯ ಬಳಿ ಮಲಪ್ರಭೆ ಹುಟ್ಟುತ್ತದೆ. ಅದು ಖಾನಾಪುರ, ಸವದತ್ತಿ, ಪಟ್ಟದಕಲ್ಲು, ಐಹೊಳೆಗಳನ್ನು ಮುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಮೂಡಣ ಕಡಲಿಗೆ ಹೋಗುತ್ತದೆ. ಅದೇ ತಾಲ್ಲೂಕಿನ ದೇಗಾಂವದ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವಾದ ಪಡುವಣ ಕಡಲಿಗೆ ಇಳಿಯುತ್ತದೆ. ಎರಡು ಕಡಲುಗಳಿಗೆ ನೀರು ಹಂಚುವ ತಾಲ್ಲೂಕು ಇದು. 2011ರಲ್ಲಿ ವನ್ಯಧಾಮವಾದ ಭೀಮಗಡದ ಕಾಡು ಈ ಭಾಗದಲ್ಲೇ ಇದೆ. ಅಲ್ಲಿನ ತಳೇವಾಡಿಯ ಹತ್ತಿರದ ಬಾರಾಪೇಡೆ ಗುಹೆಗಳಲ್ಲಿ ರಾಟನ್‌ನ ಬಾಲಮುಕ್ತ ಬಾವಲಿ ವಾಸವಾಗಿದೆ. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ ಮೇಲೆ ಬಹುಕಾಲ ಇಡೀ ಜಗತ್ತಿನಲ್ಲಿ ಅದರ ವಿಳಾಸ ಈ ಗುಹೆಗಳೊಂದೇ ಆಗಿತ್ತು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಂಡಿತು. ಗುಹೆಗಳಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ, ಹೋಗಲೂಬಾರದು. ಅನುಮತಿ ಇದ್ದ ಸಂಶೋಧಕರೂ ಅಲ್ಲಿ ಅತಿಥಿಗಳೇ. ಆ ಮನೆಯ ಒಡೆಯರಿಗೆ ಬೆಳಕೂ ಸದ್ದೂ ಆಗದು.

ಊಟದ ಬಗ್ಗೆ ಕೊನೆಯ ಮಾಹಿತಿ. ಬೆಳಗಾವಿಯ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಗುತ್ತವೆ, ಬೆಳಗಿನ ಉಪಾಹಾರಕ್ಕೆ ಮಿಸಳ. ಊರಿಗೆ ಒಯ್ಯಲು ಕುಂದಾ. ಹಾಲನ್ನು ಗಟ್ಟಿಯಾಗುವವರೆಗೆ ಕಾಯಿಸಿ, ಸಕ್ಕರೆ ಹಾಕಿ, ಕಂದು ಬಣ್ಣ ಬರುವವರೆಗೆ ಕೈಬಿಡದೆ ಕೆದಕಿದರೆ ಆಗುವ ಹರಳು ಹರಳಾದ ಸಿಹಿ. ಅದರ ಒಂದು ಡಬ್ಬಿ ಕೈಯಲ್ಲಿಲ್ಲದೆ ಬೆಳಗಾವಿಯಿಂದ ಯಾರೂ ಊರಿಗೆ ಹೋಗುವುದಿಲ್ಲ.

ಸಂಕಿರಣ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಎರಡು ದಿನದ ಕಾರ್ಯಕ್ರಮದಲ್ಲಿ ಅರ್ಧ ದಿನವನ್ನು ಕೋಟೆಗೋ ಹಲಸಿಗೋ ಖಾನಾಪುರದ ಕುಂಬಾರಿಕೆಗೋ ಮೀಸಲಿಡಿ. ಅದನ್ನು ವಿಹಾರವೆಂದು ಕೊನೆಗೆ ತಳ್ಳದೆ, ಗೋಷ್ಠಿಯೆಂದೇ ಲೆಕ್ಕಕ್ಕೆ ಹಿಡಿಯಿರಿ. ನೋಂದಣಿ ಮೇಜಿನ ಹಿಂದೆ ಕೂತ ಮಕ್ಕಳಿಗೆ ತಮ್ಮ ಊರಿನ ಬಗ್ಗೆ ಹತ್ತು ನಿಮಿಷ ಮಾತಾಡಲು ಬಿಡಿ, ಬಂದವರು ಕೇಳಲಿ. ಇನ್ನು ಬರುವವರಿಗೆ ಹೇಳುವುದಿಷ್ಟೇ: ವಾಪಸು ಟಿಕೆಟನ್ನು ಸಮಾರೋಪದ ರಾತ್ರಿಗೆ ಮಾಡಿಸಬೇಡಿ, ಮರುದಿನ ರಾತ್ರಿಗೆ ಮಾಡಿಸಿ. ನಡುವಿನ ಆ ಒಂದು ಹಗಲು ಹಲಸಿಗೆ ಹೋಗಿ ಬರಲು ಸಾಕಾಗುತ್ತದೆ.